ಕುರ್ಚಿಗೆ ಬಾಡಿಗೆ, ಕಾಫಿ ಕೊಸರು

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಗಳಿಗೆ ಕೆಫೆಯ ಹುಚ್ಚು ಹತ್ತಿದೆ. ಒಂದು ಕಾಫಿಗೆ 250 ರೂಪಾಯಿ! ಊರಿಗೆ ಬಂದಾಗ ಫಿಲ್ಟರ್ ಕಾಫಿ ಕೈಗಿಟ್ಟರೆ ‘ಚಿಕೋರಿ ಎಷ್ಟು ಹಾಕ್ಸಿದೀಯಮ್ಮ?’ ಅಂತಾಳೆ. ಈ ಕೆಫೆಗಳು ನಮ್ಮ ಕಾಫಿಯನ್ನು ಕೆಡಿಸಿದವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ತಾಯಿ, ಮೊದಲು ಮಗಳಿಗೆ ಉತ್ತರ ಹೇಳಿಬಿಡಿ. ಕೇಳಬೇಕಾದ್ದನ್ನೇ ಕೇಳಿದ್ದಾಳೆ. ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸುವ, ಹುರಿದ ಬೇರಿನ ಪುಡಿ. ಮೈಸೂರಿನಲ್ಲಿ 26 ವರ್ಷ ಕಾಫಿಪುಡಿ ಅಂಗಡಿ ನಡೆಸಿದವನು ನಾನು. ಮೊದಲೆಲ್ಲ ಗಿರಾಕಿ ಬಂದು ‘ಕಾಲು ಕೆಜಿ, ಮಾಮೂಲಿ’ ಅಂದರೆ ಮುಗಿಯಿತು. ಆ ಮಾಮೂಲಿಯೊಳಗೆ ಪೀಬೆರಿ ಬೀಜ ಎಷ್ಟು, ರೊಬಸ್ಟಾ ಬೀಜ ಎಷ್ಟು ಅಂತ ಯಾರೂ ಕೇಳುತ್ತಿರಲಿಲ್ಲ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ನೂರಕ್ಕೆ 51 ಇದ್ದರೂ ಕಾನೂನಿಗೆ ಸಾಕು, ಎಷ್ಟೆಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಬೇಕು, ಅಷ್ಟೆ. ಕೊನೆಕೊನೆಗೆ ಹುಡುಗ ಹುಡುಗಿಯರು ಬಂದು ‘ಅಂಕಲ್, ಚಿಕೋರಿ ಬೇಡ, ಬರೀ ಅರೇಬಿಕಾ, ಸ್ವಲ್ಪ ತರಿಯಾಗಿ ಬೀಸಿ’ ಅನ್ನತೊಡಗಿದರು. ಇದನ್ನು ಕಲಿತದ್ದು ಕೆಫೆಯ ಗೋಡೆ ಓದಿ. (ನಮ್ಮ ಮನೆಯವಳು ಮಾತ್ರ ಇವತ್ತಿಗೂ ಚಿಕೋರಿ ಬಿಡಲೊಲ್ಲಳು. ಡಿಕಾಕ್ಷನ್‌ಗೆ ಬಣ್ಣ ಬರಲ್ಲವಂತೆ.)

ಇನ್ನು 250 ರೂಪಾಯಿ. ಅದು ಕುರ್ಚಿಯ ಬಾಡಿಗೆ, ಕಾಫಿ ಕೊಸರು. 1983ರಲ್ಲಿ ಜಯನಗರದಲ್ಲಿ ಹುಟ್ಟಿದ ದರ್ಶಿನಿ ನಮಗೆ ನಿಂತು ಕುಡಿಯುವುದನ್ನು ಕಲಿಸಿತ್ತು: ಟೋಕನ್ನು, ಲೋಟ, ನಾಲ್ಕು ಗುಟುಕು, ಹೊರಗೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರುವಾದಾಗ ಕಾಫಿಯ ಜೊತೆ ಇಂಟರ್‌ನೆಟ್ಟೂ ಇತ್ತು. ಬೆಳೆಗಾರರು ಬೆಳೆದದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿಗೇ ಹಾಕಬೇಕೆಂಬ ಕಟ್ಟು ಸಡಿಲವಾಗಿದ್ದ ಕಾಲ ಅದು. ಆ ಕೆಫೆ ಕಟ್ಟಿದ, ಚಿಕ್ಕಮಗಳೂರಿನ ಪ್ಲಾಂಟರ್ ಮನೆತನದ ವಿ.ಜಿ. ಸಿದ್ಧಾರ್ಥ ಬೀಜವನ್ನು ಕಪ್ಪಿನವರೆಗೂ ತಾವೇ ತಂದರು. ಕೂತು ಹರಟುವುದೇನೂ ಹೊಸದಲ್ಲ. ಎಂ.ಜಿ. ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಇಂಡಿಯಾ ಕಾಫಿ ಹೌಸಿನಲ್ಲಿ ನಾನೇ ಗಂಟೆಗಟ್ಟಲೆ ಕೂತಿದ್ದೇನೆ. ಆದರೆ ಆಗ ಸುತ್ತ ಕೂತವರೆಲ್ಲ ಹೆಚ್ಚುಕಡಿಮೆ ಗಂಡಸರೇ. ಹೆಣ್ಣುಮಗಳೊಬ್ಬಳು ಒಂಟಿಯಾಗಿ ಎರಡು ಗಂಟೆ ಕೂತರೂ ಯಾರೂ ತಿರುಗಿ ನೋಡದ ಜಾಗ ಈ ಕೆಫೆಗಳು ಕೊಟ್ಟವು. ಪಿ.ಜಿ. ಕೋಣೆಯ ಮಂಚದ ಮೇಲೆ ಎಷ್ಟೂಂತ ಕೂರುತ್ತಾಳೆ ನಿಮ್ಮ ಮಗಳು?

ನನಗೆ ಹೊಟ್ಟೆ ಉರಿಯುವುದು ಬೈಟೂಗೆ, ಒಂದು ಕಾಫಿಯನ್ನು ಇಬ್ಬರಿಗೆ ಹಂಚಿ ಕೊಡುವ ಆ ಪದ್ಧತಿ ಅಲ್ಲಿಲ್ಲವಲ್ಲ ಅಂತ. ಹೋದ ವರ್ಷ ಗೆಳೆಯನೊಬ್ಬನ ಜೊತೆ ಇಂಥದ್ದೊಂದು ಕೆಫೆಗೆ ಹೋಗಿ ಅಭ್ಯಾಸಬಲದಿಂದ ‘ಬೈಟೂ ಕೊಡಪ್ಪ’ ಅಂದೆ. ಕೌಂಟರಿನ ಹುಡುಗ ‘ಡಬಲ್ ಶಾಟಾ ಸರ್?’ ಅಂದ. ಕಿವಿ ಮಂದ, ಹೂಂ ಅಂದುಬಿಟ್ಟೆ. ಬಂತು ನೋಡಿ, ಒಂದೇ ಕಪ್ಪು, ಎರಡು ಪಟ್ಟು ಡಿಕಾಕ್ಷನ್, ಕಷಾಯದಂತೆ! ಖಾಲಿ ಕಪ್ಪೊಂದನ್ನು ಕೇಳಿ ಪಡೆದು, ಇಬ್ಬರೂ ಹಂಚಿಕೊಂಡೇ ಕುಡಿದೆವು.

ಪ್ರಶ್ನೆ: ಕೆಫೆಯ ಕ್ಯಾಪುಚಿನೊ ಮನೆಯ ಫಿಲ್ಟರ್‌ನಲ್ಲಿ ಬರುತ್ತದೆಯೇ?
– ಇನ್ನೊಬ್ಬರು, ಶಿವಮೊಗ್ಗ

ಉತ್ತರ: ಬರೋದಿಲ್ಲ. ಅಲ್ಲಿನ ಯಂತ್ರ ವಾತಾವರಣದ ಒಂಬತ್ತು ಪಟ್ಟು ಒತ್ತಡದಲ್ಲಿ ಬಿಸಿನೀರು ನುಗ್ಗಿಸಿ ಅರ್ಧ ನಿಮಿಷದಲ್ಲಿ 30 ಮಿಲಿಲೀಟರ್ ರಸ ಇಳಿಸುತ್ತದೆ. ನಿಮ್ಮ ಫಿಲ್ಟರ್‌ನಲ್ಲಿ ನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕಬೇಕು, ಕಾಲು ಗಂಟೆಯಾದರೂ ಬೇಕು. ನೊರೆಯೇ ಬೇಕಾದರೆ ಲೋಟದಿಂದ ಬಟ್ಟಲಿಗೆ ಮೂರು ಸಲ ಎತ್ತಿ ಸುರಿಯಿರಿ. ಅಂಗಿ ಬಿಳಿಯದಾಗಿದ್ದರೆ ಬೇಡ.