ಕಾರಟಗಿ ಕಡೆ ಮಿಲ್ ಬೇಡ, ರಿಪೇರಿ ಅಂಗಡಿ ನೋಡಿ

ಬೆಂಗಳೂರಿನ ಕೆಲಸ ಬಿಟ್ಟು ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಕ್ಯಾಂಪಿನಲ್ಲಿ (ಆಂಧ್ರ ಕಡೆಯಿಂದ ಬಂದ ರೈತರು ನೆಲೆಸಿದ ಊರಿನಲ್ಲಿ) ಸಣ್ಣ ರೈಸ್ ಮಿಲ್ ಹಾಕಬಹುದಾ ಅಂತ ಕೇಳಿದ್ದೀರಿ. ಮಿಲ್ ಬೇಡ ಸರ್. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ಬೇಕಾದಷ್ಟಿವೆ, ಭತ್ತ ಕೊಳ್ಳೋಕೇ ದೊಡ್ಡ ಬಂಡವಾಳ ಬೇಕು.

ನಾನು ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದಲ್ಲೇ ಬೆಳೆದವನು. ಅಲ್ಲಿ ಮದುವೆ, ಸಾಲ, ಅಂಗಡಿ ವ್ಯಾಪಾರ ಎಲ್ಲವೂ ಕಾಲುವೆಗೆ ನೀರು ಬಿಡುವುದರ ಮೇಲೆ ನಿಂತಿದೆ. ಮುಂಗಾರಿನ ಬೆಳೆ ಸಾಮಾನ್ಯವಾಗಿ ಕೈಗೆ ಬರುತ್ತದೆ, ಎರಡನೇ ಬೆಳೆಗೆ ನೀರು ಸಿಗುತ್ತದೆ ಅಂತ ನಂಬಿ ಸಾಲ ಮಾಡಬೇಡಿ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಊರಲ್ಲಿ ಯಾರಿಗೂ ನಿದ್ದೆ ಇರಲಿಲ್ಲ.

ನಿಮಗೆ ಮೆಕ್ಯಾನಿಕ್ ಕೆಲಸ ಗೊತ್ತು ಅಂದಿದ್ದೀರಿ, ಅಲ್ವಾ? ಹಾಗಾದರೆ ಟ್ರ್ಯಾಕ್ಟರ್, ಭತ್ತ ಕೊಯ್ಯುವ ಮಷೀನ್ ರಿಪೇರಿ ಶುರು ಮಾಡಿ. ಕೊಯ್ಲಿನ ಹೊತ್ತಲ್ಲಿ ಒಂದು ಬೆಲ್ಟ್ ಹರಿದರೂ ಮಷೀನ್ ಗದ್ದೆಯಲ್ಲೇ ನಿಲ್ಲುತ್ತದೆ, ಮೇಲೆ ಮೋಡ ಕಟ್ಟಿದ್ದರೆ ರೈತನ ಜೀವ ಬಾಯಿಗೆ ಬಂದಿರುತ್ತದೆ, ಆಗ ಬೈಕಲ್ಲಿ ಸಾಮಾನು ಹಾಕಿಕೊಂಡು ಗದ್ದೆಗೇ ಬರುವವನನ್ನು ಯಾರೂ ಮರೆಯುವುದಿಲ್ಲ. ಉದ್ರಿ ಮಾತ್ರ ಜಾಸ್ತಿ. ದುಡ್ಡು ಬರುವುದು ಸುಗ್ಗಿ ಆದಮೇಲೆ. ಆರು ತಿಂಗಳ ಮನೆ ಖರ್ಚು ಬೇರೆ ತೆಗೆದಿಟ್ಟುಕೊಂಡೇ ಬನ್ನಿ. ಕ್ಯಾಂಪುಗಳಲ್ಲಿ ತೆಲುಗು ಮಾತಾಡುವವರು ಬಹಳ, ಸ್ವಲ್ಪ ಕಲಿತುಕೊಳ್ಳಿ.