ಜಕ್ಕೂರಿನಲ್ಲಿ ಸೆಸ್ನಾ 172: ಗಂಟೆಗೆ ಎಷ್ಟು ಬೀಳುತ್ತದೆ?

ಹಳೆಯ ಸೆಸ್ನಾ 172 (ನಾಲ್ಕು ಸೀಟಿನ ಪುಟ್ಟ ವಿಮಾನ) ಕೊಂಡು, ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿಟ್ಟು, ವರ್ಷಕ್ಕೆ 50 ಗಂಟೆ ಹಾರಿಸುವವರಿಗೆ ಇಂಧನದ ಲೆಕ್ಕವೊಂದೇ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು.

ಇಂಧನದ್ದು ಸುಲಭ. ಗಂಟೆಗೆ 30ರಿಂದ 35 ಲೀಟರ್ ಅವ್‌ಗ್ಯಾಸ್ (ಸೀಸ ಬೆರೆತ ವಿಮಾನದ ಪೆಟ್ರೋಲ್) ಹಿಡಿದು, ನಿಮಗೆ ಸಿಗುವ ದರದಿಂದ ಗುಣಿಸಿ. ಅದನ್ನು ತರಿಸುವ ಸಾಗಾಟದ ಖರ್ಚು ಮರೆಯಬೇಡಿ. ಆಯಿಲ್, ಫಿಲ್ಟರ್ 50 ಗಂಟೆಗೊಮ್ಮೆ, ಹಾರಿಸದಿದ್ದರೂ 4 ತಿಂಗಳಿಗೊಮ್ಮೆ.

ಎಡವುವುದು ಓವರ್‌ಹಾಲ್ (ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿಸುವುದು) ಲೆಕ್ಕದಲ್ಲಿ. ಇದರಲ್ಲಿ ಸಾಮಾನ್ಯವಾಗಿರುವ ಲೈಕಮಿಂಗ್ ಎಂಜಿನ್ನಿಗೆ ಕಂಪನಿ ಹೇಳುವುದು 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಖರ್ಚು 30 ಲಕ್ಷ ಅಂದುಕೊಳ್ಳಿ. 2000ದಿಂದ ಭಾಗಿಸಿದರೆ ಗಂಟೆಗೆ 1500 ರೂಪಾಯಿ. ಆದರೆ ನೀವು 12 ವರ್ಷದಲ್ಲಿ ಹಾರಿಸುವುದು 600 ಗಂಟೆ, ಹಾಗಾಗಿ ನಿಮಗೆ ಬೀಳುವುದು 5000! ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆಯದ್ದೂ ಇದೇ ಕಥೆ. ಮೂವರು ಸೇರಿ ಕೊಂಡು 150 ಗಂಟೆ ಹಾರಿಸಿದರೆ ಈ ಸ್ಥಿರ ಖರ್ಚು ಗಂಟೆಗೆ ಮೂರನೇ ಒಂದು ಭಾಗಕ್ಕಿಳಿಯುತ್ತದೆ. ನನ್ನ ಸಲಹೆಯೂ ಅದೇ.

ಸುಮ್ಮನೆ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಈ ಎಂಜಿನ್ನಿನ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಸುವ ಉಕ್ಕಿನ ದಂಡ) ಮೇಲ್ಭಾಗದಲ್ಲಿದೆ. ವಾರಗಟ್ಟಲೆ ನಿಂತರೆ ಆಯಿಲ್ ಕೆಳಗಿಳಿದು, ಬೋಳಾದ ಉಕ್ಕು ತುಕ್ಕು ಹಿಡಿಯುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ತೇವ ಹೋಗುವುದಿಲ್ಲ, ಹಾರಿಸಲೇಬೇಕು.

ಇನ್ನೊಂದು ಮಾತು: ಜಕ್ಕೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗುತ್ತದೆ. ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಮಿಕ್ಸ್ಚರ್ ಗುಬ್ಬಿ, ಅಂದರೆ ಇಂಧನ-ಗಾಳಿ ಮಿಶ್ರಣ ಹೊಂದಿಸುವ ಹಿಡಿ, ಪೂರ್ತಿ ಒಳಗೊತ್ತಿಟ್ಟರೆ ಕೆಳಗಿನ 4 ಸ್ಪಾರ್ಕ್ ಪ್ಲಗ್‌ಗಳಲ್ಲಿ ಸೀಸದ ಸಣ್ಣ ಗುಂಡುಗಳು ಕೂರುತ್ತವೆ, ಮ್ಯಾಗ್ನೆಟೊ (ಪ್ಲಗ್‌ಗೆ ಕಿಡಿ ಕೊಡುವ ಸಾಧನ) ಪರೀಕ್ಷೆಯಲ್ಲಿ ಎಂಜಿನ್ ಕುಲುಕುತ್ತದೆ. ನೆಲದ ಮೇಲೆ ಲೀನ್ ಮಾಡಿ (ಇಂಧನ ಕಡಿಮೆ ಮಾಡಿ), ಟೇಕಾಫ್‌ಗೆ ಮುಂಚೆ ಕೈಪಿಡಿಯಂತೆ ಮತ್ತೆ ಹೊಂದಿಸಿ.