ಉತ್ತರ ಎಂದರೆ ಆಕಾಶ ತೋರಿಸುವ ಮಕ್ಕಳಿಗೆ ಭೂಪಟ ಕಲಿಸುವುದು

ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇವೆ. ನಾಲ್ಕು-ಐದನೇ ತರಗತಿಯ ಮಕ್ಕಳು ಎಂಟೂ ದಿಕ್ಕು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಅಂಗಳದಲ್ಲಿ ನಿಲ್ಲಿಸಿ ಉತ್ತರ ಎಲ್ಲಿ ಎಂದರೆ ಕೈ ಮೇಲಕ್ಕೆ ಹೋಗುತ್ತದೆ. ಭೂಪಟದಲ್ಲಿ ದೂರ ಎನ್ನುವುದು ಅವರಿಗೆ ಹತ್ತುವುದಿಲ್ಲ. ಶಾಲೆಗೆ ಬಂದ ಅನುದಾನದಲ್ಲಿ ದೊಡ್ಡ ಗ್ಲೋಬ್ ತರಿಸಬೇಕೇ ಎಂದೂ ಕೇಳಿದ್ದೀರಿ. ಗ್ಲೋಬಿಗೆ ಅವಸರವಿಲ್ಲ, ಕೊನೆಗೆ ಹೇಳುತ್ತೇನೆ.

ಕೈ ಮೇಲಕ್ಕೆ ಹೋಗುವುದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಗೋಡೆಗೆ ತೂಗಿದ ಕರ್ನಾಟಕದ ಭೂಪಟದಲ್ಲಿ ಬೀದರ್ ಸೂರಿನ ಕಡೆಗೆ, ಚಾಮರಾಜನಗರ ನೆಲದ ಕಡೆಗೆ ಇರುತ್ತದೆ. ಮಗು ಕಂಡದ್ದನ್ನೇ ಹೇಳುತ್ತಿದೆ. ಹಾಗಾಗಿ ಭೂಪಟ ಗೋಡೆಯಿಂದ ನೆಲಕ್ಕೆ ಇಳಿಯಬೇಕು. ಇಳಿಸುವ ಮೊದಲು ಶಾಲೆಯ ಅಂಗಳದಲ್ಲಿ ದಿಕ್ಕು ಸರಿಯಾಗಿ ಗೊತ್ತಾಗಿರಬೇಕು. ಎಡವಟ್ಟಾಗುವುದು ಇಲ್ಲೇ.

‘ಸೂರ್ಯನಿಗೆ ಮುಖ ಮಾಡಿ ನಿಲ್ಲಿ, ಎದುರಿಗಿರುವುದು ಪೂರ್ವ’ ಎಂದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೇಳಿಕೊಡುವುದು ರೂಢಿ. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ. ನಮ್ಮ ರಾಜ್ಯದಲ್ಲಿ ಜೂನ್ ಕೊನೆಯ ವಾರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಅದರ ಮೇಲೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹತ್ತು ಗಂಟೆ. ಡಿಸೆಂಬರಿನ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಸೂರ್ಯ ಇರುವುದು ಹೆಚ್ಚುಕಡಿಮೆ ಆಗ್ನೇಯದಲ್ಲಿ. ಆಗ ಮಕ್ಕಳಿಗೆ ‘ಪೂರ್ವ’ ಎಂದು ತೋರಿಸುವುದು ಆಗ್ನೇಯವನ್ನೇ. ಊರ ದೇವಸ್ಥಾನದ ಬಾಗಿಲನ್ನು ನಂಬುವುದೂ ಬೇಡ. ಉಡುಪಿಯ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾನೆ.

ಮೊಬೈಲಿನ ದಿಕ್ಸೂಚಿ ನಡೆಯುತ್ತದೆ, ಆದರೆ ಕಬ್ಬಿಣದ ಮೇಜು, ಶೀಟಿನ ಚಾವಣಿ, ಅಯಸ್ಕಾಂತ ಇರುವ ಮೊಬೈಲ್ ಕವರ್ ಇವುಗಳ ಹತ್ತಿರ ಸುಳ್ಳು ಹೇಳುತ್ತದೆ. ಬಯಲಿಗೆ ಹೋಗಿ, ಕವರ್ ತೆಗೆದು, ಗಾಳಿಯಲ್ಲಿ ಎಂಟರ ಆಕಾರ ಬರೆದಂತೆ ಮೊಬೈಲನ್ನು ನಾಲ್ಕಾರು ಸಲ ತಿರುಗಿಸಿ ಆಮೇಲೆ ನೋಡಿ. ನಮ್ಮಲ್ಲಿ ದಿಕ್ಸೂಚಿ ತೋರಿಸುವ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ, ಪ್ರಾಥಮಿಕ ಶಾಲೆಗೆ ಅದು ಲೆಕ್ಕಕ್ಕಿಲ್ಲ. ಆದರೂ ಮೊಬೈಲನ್ನು ತಾಳೆ ನೋಡಲು ಇಟ್ಟುಕೊಳ್ಳಿ. ಮಕ್ಕಳ ಕೈಯಲ್ಲಿ ನೆರಳಿನಿಂದಲೇ ದಿಕ್ಕು ತೆಗೆಸಿ.

ಇದು ಹಳೆಯ ಶಂಕುವಿನ, ಅಂದರೆ ನೆಟ್ಟಗೆ ನಿಲ್ಲಿಸಿದ ಕಡ್ಡಿಯ ನೆರಳಿನ ವಿಧಾನ. ಅಂಗಳದಲ್ಲಿ ದಿನವಿಡೀ ಬಿಸಿಲು ಬೀಳುವ ಸಮತಟ್ಟಾದ ಜಾಗ ಆರಿಸಿ. ಸಿಮೆಂಟ್ ನೆಲವಾದರೆ ಒಳ್ಳೆಯದು. ಸ್ವಲ್ಪ ನೀರು ಸುರಿದರೆ ಯಾವ ಕಡೆಗೂ ಓಡದೆ ಹರಡಿ ನಿಲ್ಲಬೇಕು. ನೆಲದಿಂದ 30 ಸೆಂ.ಮೀ. ಎತ್ತರ ನಿಲ್ಲುವಂತೆ ಒಂದು ನೇರ ಕಡ್ಡಿ ನೆಡಿ. ಸಿಮೆಂಟ್ ನೆಲದಲ್ಲಿ ಮರಳು ತುಂಬಿದ ಸಣ್ಣ ಡಬ್ಬಿಯಲ್ಲಿ ನಿಲ್ಲಿಸಿದರೂ ಆಯಿತು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಡ್ಡಿ ಎರಡು ಬದಿಯಿಂದಲೂ ನೆಟ್ಟಗಿದೆಯೇ ನೋಡಿ. ಕಡ್ಡಿ ವಾಲಿದರೆ ಮುಂದಿನದೆಲ್ಲ ವಾಲುತ್ತದೆ. ಕಡ್ಡಿಯ ಬುಡವನ್ನು ಕೇಂದ್ರ ಮಾಡಿಕೊಂಡು ದಾರ-ಸೀಮೆಸುಣ್ಣದಿಂದ 25, 30, 35 ಸೆಂ.ಮೀ. ತ್ರಿಜ್ಯದ ಮೂರು ವೃತ್ತ ಎಳೆಯಿರಿ. ಬೆಳಿಗ್ಗೆ ಉದ್ದವಿದ್ದ ನೆರಳು ಕುಗ್ಗುತ್ತಾ ಬಂದು ಅದರ ತುದಿ ಒಂದೊಂದೇ ವೃತ್ತವನ್ನು ಮುಟ್ಟುವಾಗ ಗುರುತು ಹಾಕಿಸಿ. ಮಧ್ಯಾಹ್ನದ ಮೇಲೆ ನೆರಳು ಬೆಳೆದು ಇನ್ನೊಂದು ಬದಿಯಲ್ಲಿ ಅವೇ ವೃತ್ತಗಳನ್ನು ಮುಟ್ಟುತ್ತದೆ, ಅಲ್ಲೂ ಗುರುತು. ಡಿಸೆಂಬರಿನಲ್ಲಿ 30 ಸೆಂ.ಮೀ. ವೃತ್ತಕ್ಕೆ ಬೆಂಗಳೂರು ಕಡೆ ಇದು ಸುಮಾರು ಹತ್ತೂವರೆಗೆ ಮತ್ತು ಎರಡು ಗಂಟೆಗೆ ಬರುತ್ತದೆ. ಎರಡೂ ಶಾಲೆಯ ವೇಳೆಯೇ. ಒಂದೇ ವೃತ್ತದ ಎರಡು ಗುರುತು ಸೇರಿಸಿ ಗೆರೆ ಎಳೆದರೆ ಅದು ಪೂರ್ವ-ಪಶ್ಚಿಮ. ಬೆಳಗಿನ ಗುರುತಿನ ಕಡೆ ಪಶ್ಚಿಮ, ಮಧ್ಯಾಹ್ನದ ಗುರುತಿನ ಕಡೆ ಪೂರ್ವ. ಆ ಎರಡು ಗುರುತುಗಳಿಂದ ಒಂದೇ ಅಳತೆಯ ದಾರದಲ್ಲಿ ಕಂಸ ಎಳೆದು, ಅವು ಕೂಡುವ ಎರಡು ಬಿಂದು ಸೇರಿಸಿದರೆ ಉತ್ತರ-ದಕ್ಷಿಣ.

ಮೂರು ವೃತ್ತ ಯಾಕೆಂದರೆ, ಮೋಡ ಬಂದು ಒಂದು ಗುರುತು ತಪ್ಪಿದರೂ ಉಳಿದದ್ದು ಸಿಗಲಿ ಎಂದು. ಮೂರರ ಗೆರೆಗಳೂ ಸಮಾಂತರ ಬಂದರೆ ಕೆಲಸ ಸರಿಯಾಗಿದೆ. ಬರದಿದ್ದರೆ ಕಡ್ಡಿ ವಾಲಿದೆ ಅಥವಾ ನೆಲ ಇಳಿಜಾರು. ಧ್ವಜಸ್ತಂಭದ ನೆರಳಿನಲ್ಲಿ ಮಾಡಬಹುದಲ್ಲ ಎಂದು ಯಾರಾದರೂ ಹೇಳುತ್ತಾರೆ. ಕಂಬ ಎತ್ತರವಾದಷ್ಟೂ ನೆರಳಿನ ತುದಿ ಮಸುಕಾಗುತ್ತದೆ, ಆರು ಮೀಟರ್ ಕಂಬದ ತುದಿ ಎಲ್ಲಿ ಮುಗಿಯಿತೆಂದು ಹಲವು ಸೆಂ.ಮೀ.ವರೆಗೂ ಗೊತ್ತಾಗುವುದಿಲ್ಲ. ಗಿಡ್ಡ ಕಡ್ಡಿಯೇ ಮೇಲು.

ಇನ್ನೊಂದು ಮಾತು. ‘ನಡುಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ’ ಎಂದು ಬರೆದಿರುವುದನ್ನು ನಂಬಿ ಜೂನ್‌ನಲ್ಲಿ ಪ್ರಯೋಗ ಮಾಡಿದರೆ ಉತ್ತರ ದಕ್ಷಿಣ ತಿರುವುಮುರುವಾಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರವರೆಗೆ ನಡುಮಧ್ಯಾಹ್ನ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಜೂನ್ 21ರಂದು 30 ಸೆಂ.ಮೀ. ಕಡ್ಡಿಗೆ ಐದೂವರೆ ಸೆಂ.ಮೀ. ನೆರಳು, ಅದೂ ದಕ್ಷಿಣಕ್ಕೆ. ಉತ್ತರದ ಜಿಲ್ಲೆಗಳಿಗೆ ಹೋದಂತೆ ಈ ಅವಧಿ ಕಡಿಮೆಯಾಗುತ್ತದೆ. ವೃತ್ತದ ವಿಧಾನಕ್ಕೆ ಈ ತೊಂದರೆ ಇಲ್ಲ, ಆದರೆ ಜೂನ್‌ನಲ್ಲಿ ಇದೇ ವೃತ್ತಗಳನ್ನು ನೆರಳು ಮುಟ್ಟುವುದು ಶಾಲೆ ತೆರೆಯುವ ಮೊದಲು. ಮಲೆನಾಡು, ಕರಾವಳಿಯಲ್ಲಂತೂ ಮಳೆಗಾಲದಲ್ಲಿ ಬಿಸಿಲೇ ಇಲ್ಲ. ಈ ಪಾಠವನ್ನು ದಸರಾ ರಜೆ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಗೆರೆ ಸಿಕ್ಕ ಮೇಲೆ ಬಿಳಿ ಎನಾಮಲ್ ಬಣ್ಣದಲ್ಲಿ ಬರೆಸಿಬಿಡಿ.

ಗೆರೆ ಸಿದ್ಧವಾದ ಮೇಲೆ ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ. ನೀವು ಮಕ್ಕಳಿಗೆ ಎದುರಾಗಿ ನಿಂತು ಬಲಗೈ ಎತ್ತಿದರೆ ಅವರಿಗೆ ಅದು ಎಡ. ಆದ್ದರಿಂದ ಅವರ ಜೊತೆಗೇ, ಅವರು ನೋಡುವ ಕಡೆಗೇ ಮುಖ ಮಾಡಿ ನಿಲ್ಲಿ. ಉತ್ತರಕ್ಕೆ ಮುಖ, ಬಲಗೈ ಪೂರ್ವ. ಈಗ ಎಲ್ಲರನ್ನೂ ದಕ್ಷಿಣಕ್ಕೆ ತಿರುಗಿಸಿ ‘ಪೂರ್ವ ಎಲ್ಲಿ’ ಎನ್ನಿ. ಅರ್ಧ ಮಕ್ಕಳು ಮತ್ತೆ ಬಲಗೈಯನ್ನೇ ತೋರಿಸುತ್ತಾರೆ. ತಾನು ತಿರುಗಿದರೆ ದಿಕ್ಕೂ ಜೊತೆಗೆ ತಿರುಗುತ್ತದೆ ಎಂಬ ಈ ತಿಳಿವಳಿಕೆ ಹೋಗುವವರೆಗೆ ಮುಂದಕ್ಕೆ ಹೋಗಬೇಡಿ. ಅಂಗಳದ ಗುರುತುಗಳ ಜೊತೆ ಕಟ್ಟಿಕೊಡಿ: ಪೂರ್ವಕ್ಕೆ ನೀರಿನ ಟ್ಯಾಂಕ್, ಪಶ್ಚಿಮಕ್ಕೆ ಹಾಲಿನ ಡೈರಿ, ಹೀಗೆ. ಮೂಲೆ ದಿಕ್ಕುಗಳು ನಾಲ್ಕು ದಿಕ್ಕು ಗಟ್ಟಿಯಾದ ಮೇಲೆ. ಹುಬ್ಬಳ್ಳಿ ಕಡೆಯವರಿಗೆ ಬಸ್ಸಿನ ಮೇಲಿನ ‘ವಾಯವ್ಯ’, ರೈಲಿನ ‘ನೈಋತ್ಯ’ ದಿನಾ ಕಾಣುವ ಪದಗಳು, ಬಳಸಿಕೊಳ್ಳಿ.

ಈಗ ಭೂಪಟ. ನೆಲದ ಗೆರೆಗೆ ಹೊಂದುವಂತೆ ಹಾಸಿ, ಮಕ್ಕಳನ್ನು ಸುತ್ತ ಕೂರಿಸಿ. ತಮ್ಮ ಊರಿನ ಜಾಗದಲ್ಲಿ ಹುಣಿಸೆಬೀಜ ಇಡಲಿ. ಅಲ್ಲಿಂದ ಬೀದರ್ ಕಡೆಗೆ ಕಡ್ಡಿ ಇಟ್ಟು, ಕಡ್ಡಿ ತೋರುವ ಕಡೆಗೇ ಕೈ ಚಾಚಿ ‘ಬೀದರ್ ಅಲ್ಲಿ’ ಎನ್ನಲಿ. ಗೋಡೆ, ಮರ, ಬೆಟ್ಟ ಏನು ಅಡ್ಡವಿದ್ದರೂ ಬೆರಳು ಅದರಾಚೆಗೇ. ಉತ್ತರದ ಕಡೆ ಕೂತ ಮಗುವಿಗೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತವೆ, ಕಾಣಲಿ ಬಿಡಿ. ಮತ್ತೆ ಗೋಡೆಗೆ ತೂಗುವುದಾದರೆ ಕೋಣೆಯ ಉತ್ತರದ ಗೋಡೆಗೇ ತೂಗಿ, ಆಗ ಭೂಪಟದ ಬಲ ನಿಜವಾದ ಪೂರ್ವವೇ ಆಗುತ್ತದೆ. ದಕ್ಷಿಣದ ಗೋಡೆಗೆ ತೂಗಿದರೆ ಎಲ್ಲವೂ ತಿರುಗುಮುರುಗು. ಕಪ್ಪುಹಲಗೆ ಯಾವ ಗೋಡೆಗಿದೆಯೋ ಅಲ್ಲೇ ಭೂಪಟವೂ ಇರಬೇಕೆಂಬ ನಿಯಮ ಎಲ್ಲೂ ಇಲ್ಲ.

ದೂರ ಮತ್ತು ಅಳತೆ. ಇದನ್ನು ಮಳೆಗಾಲದಲ್ಲಿ ಕೋಣೆಯೊಳಗೇ ಶುರು ಮಾಡಬಹುದು. ಮೊದಲು ‘ಮೇಲಿನಿಂದ ನೋಡಿದರೆ’ ಎನ್ನುವುದು ಬರಬೇಕು. ಬೆಂಚು ಬರೆಯಿರಿ ಎಂದರೆ ನಾಲ್ಕು ಕಾಲು ಬರೆಯುತ್ತಾರೆ. ಜಾಮಿಟ್ರಿ ಬಾಕ್ಸ್, ಲೋಟ, ಡಸ್ಟರ್ ಇವನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಸಿ, ವಸ್ತು ತೆಗೆಸಿ. ಉಳಿದ ಗೆರೆಯೇ ನಕ್ಷೆ. ಆಮೇಲೆ ಕೋಣೆ. ಹೆಜ್ಜೆ ಲೆಕ್ಕದಲ್ಲಿ ಅಳೆಸಿದರೆ ಒಬ್ಬೊಬ್ಬರದು ಒಂದೊಂದು ಉತ್ತರ ಬಂದು ಜಗಳ ಆಗುತ್ತದೆ. ಒಮ್ಮೆ ಆಗಲಿ, ಮೀಟರ್ ಯಾಕೆ ಬೇಕೆಂದು ಗೊತ್ತಾಗಲು ಆ ಜಗಳವೇ ಸಾಕು. ಮೀಟರಿಗೊಂದು ಗಂಟು ಹಾಕಿದ ಹಗ್ಗ ಕೊಡಿ. ಹಗ್ಗ ಎಳೆದರೆ ಉದ್ದವಾಗುತ್ತದೆ, ಗಂಟು ಹಾಕಿದ ಮೇಲೆ ಟೇಪಿನಿಂದ ಮತ್ತೊಮ್ಮೆ ಅಳೆಯಿರಿ. ಗಣಿತದ ಚೌಕಳಿ ಪುಸ್ತಕದಲ್ಲಿ ಒಂದು ಮೀಟರಿಗೆ ಎರಡು ಚೌಕ. 6 ಮೀಟರ್ ಉದ್ದ, 5 ಮೀಟರ್ ಅಗಲದ ಕೋಣೆ 12×10 ಚೌಕವಾಗುತ್ತದೆ, ಒಂದು ಮೀಟರ್ ಬಾಗಿಲು ಎರಡು ಚೌಕ. ಮರುದಿನ ಅದೇ ಲೆಕ್ಕದಲ್ಲಿ ಆಟದ ಮೈದಾನ ಬರೆಯಲು ಹೇಳಿ. 40 ಮೀಟರ್ ಮೈದಾನಕ್ಕೆ 80 ಚೌಕ ಬೇಕು, ಹಾಳೆ ಸಾಲುವುದಿಲ್ಲ. ಏನು ಮಾಡೋಣ ಎಂದು ಅವರನ್ನೇ ಕೇಳಿ. ಎರಡು ಮೀಟರಿಗೆ ಒಂದು ಚೌಕ ಎಂದು ಬದಲಿಸಿದಾಗ ಮೈದಾನ 20 ಚೌಕಕ್ಕೆ ಇಳಿಯುತ್ತದೆ, ನಿನ್ನೆಯ ಕೋಣೆ ಮೂರು ಚೌಕವಾಗುತ್ತದೆ. ಸ್ಕೇಲ್ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಬಾಯಲ್ಲಿ ಹೇಳಲು ಆಗುವುದಿಲ್ಲ.

ರಾಜ್ಯದ ಭೂಪಟಕ್ಕೆ ಬಂದಾಗ ದಾರ ಬಳಸಿ. ಒಂದು ಸೆಂ.ಮೀ.ಗೆ 10 ಕಿ.ಮೀ. ಇರುವ ಭೂಪಟದಲ್ಲಿ ಬೆಂಗಳೂರು-ಮಂಗಳೂರು ನೇರ ದಾರ ಸುಮಾರು 30 ಸೆಂ.ಮೀ., ಅಂದರೆ 300 ಕಿ.ಮೀ. ರಸ್ತೆಯಲ್ಲಿ ಸುಮಾರು 350. ಉಳಿದ 50 ಎಲ್ಲಿ ಹೋಯಿತು ಎಂದು ಕೇಳಿ. ರಸ್ತೆಯ ಗೆರೆಯ ಮೇಲೆ ದಾರ ಬಗ್ಗಿಸಿಟ್ಟು ಅಳೆದರೂ ಪೂರ್ತಿ ಸಿಗುವುದಿಲ್ಲ, ಘಾಟಿಯ ಸಣ್ಣ ತಿರುವುಗಳು ಆ ಭೂಪಟದಲ್ಲಿ ಮೂಡಿಯೇ ಇಲ್ಲ.

ನದಿಗಳಲ್ಲೂ ‘ಮೇಲೆ-ಕೆಳಗೆ’ ಕಾಟ ಕೊಡುತ್ತದೆ. ನದಿ ಭೂಪಟದಲ್ಲಿ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ ಎಂದುಕೊಂಡಿರುತ್ತಾರೆ. ತುಂಗಭದ್ರೆಯನ್ನು ತೋರಿಸಿ: ಕೂಡ್ಲಿಯಿಂದ ಹರಿಹರ, ಹೊಸಪೇಟೆ, ಮಂತ್ರಾಲಯ ಎಂದು ಈಶಾನ್ಯಕ್ಕೆ ಏರುತ್ತಾ ಹೋಗುತ್ತದೆ. ಎತ್ತರ ಬೇರೆ, ಉತ್ತರ ಬೇರೆ ಎಂದು ತಿಳಿಯಲು ಮಾದರಿ ಬೇಕು. ತಟ್ಟೆಯಲ್ಲಿ ಹಸಿ ಮರಳು ಒತ್ತಿ, ಪಶ್ಚಿಮದಲ್ಲಿ ಕಡಿದಾದ ಘಟ್ಟ, ಪೂರ್ವಕ್ಕೆ ನಿಧಾನದ ಇಳಿಜಾರು ಮಾಡಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ನೀರು ಚಿಮುಕಿಸಿ. ಬರೀ ಮರಳಾದರೆ ನೀರು ಹೀರಿಕೊಳ್ಳುತ್ತದೆ, ಹರಿಯುವುದೇ ಇಲ್ಲ.

ಶಾಶ್ವತ ಮಾದರಿ ಮಾಡುವವರು ಎತ್ತರದ ಲೆಕ್ಕ ಮೊದಲೇ ಹಾಕಿಕೊಳ್ಳಿ. ರಾಜ್ಯ ಉತ್ತರ-ದಕ್ಷಿಣ ಸುಮಾರು 750 ಕಿ.ಮೀ., ಮಾದರಿ 75 ಸೆಂ.ಮೀ. ಮುಳ್ಳಯ್ಯನಗಿರಿ 1,930 ಮೀಟರ್, ಅದೇ ಲೆಕ್ಕದಲ್ಲಿ ಬರೀ ಎರಡು ಮಿ.ಮೀ.! ಎತ್ತರವನ್ನು 25 ಪಟ್ಟು ಹಿಗ್ಗಿಸಿದರೆ ಮುಳ್ಳಯ್ಯನಗಿರಿ ಸುಮಾರು 5 ಸೆಂ.ಮೀ., ಬೆಂಗಳೂರು 2.3, ರಾಯಚೂರು 1, ಮಂಗಳೂರು ಸೊನ್ನೆಯ ಹತ್ತಿರ. ಹಿಗ್ಗಿಸಿದ್ದನ್ನು ಮಕ್ಕಳಿಗೆ ಹೇಳಿ, ಮಾದರಿಯ ಮೂಲೆಯಲ್ಲೂ ಬರೆಯಿರಿ. ಬರೀ ಜೇಡಿಮಣ್ಣು ಒಣಗಿ ಬಿರಿಯುತ್ತದೆ. ರಾತ್ರಿ ನೆನೆಸಿ ರುಬ್ಬಿದ ಕಾಗದದ ತಿರುಳು ಬೆರೆಸಿ, ತೆಳು ಪದರ ಪದರವಾಗಿ ಹಚ್ಚಿ, ನೆರಳಿನಲ್ಲಿ ಒಣಗಿಸಿ.

ಹಳೆಯ ಭೂಪಟಗಳನ್ನು ಬಳಸುವ ಮುನ್ನ ಜಿಲ್ಲೆಗಳನ್ನು ನೋಡಿಕೊಳ್ಳಿ. ಯಾದಗಿರಿ ಇಲ್ಲದಿದ್ದರೆ 2009ಕ್ಕಿಂತ ಹಿಂದಿನದು, ವಿಜಯನಗರ ಇಲ್ಲದಿದ್ದರೆ 2021ಕ್ಕಿಂತ ಹಿಂದಿನದು. ಎಸೆಯಬೇಡಿ, ಪೆನ್ಸಿಲಿನಲ್ಲಿ ಹೊಸ ಗಡಿ ಎಳೆಸಿದರೆ ಅದೇ ಒಂದು ಪಾಠ.

ಇನ್ನು ಗ್ಲೋಬ್. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲೂ ಒಂದು ಮಿ.ಮೀ. ಎಂದರೆ 42 ಕಿ.ಮೀ., ಇಡೀ ಕರ್ನಾಟಕ ಎರಡು ಸೆಂ.ಮೀ.ಗಿಂತ ಕಡಿಮೆ. ನಮ್ಮ ಊರು ಹುಡುಕಲು ಅದು ಸಾಧನವಲ್ಲ. ಹಗಲು-ರಾತ್ರಿ, ನೆಲ-ನೀರಿನ ಪಾಲು, ಖಂಡಗಳು ಇಷ್ಟಕ್ಕೆ 20 ಸೆಂ.ಮೀ.ಯದೇ ಸಾಕು. ಕೊಳ್ಳುವಾಗ ಅಕ್ಷ ಓರೆಯಾಗಿದೆಯೇ, ಉಂಗುರದಲ್ಲಿ ಸಡಿಲವಿಲ್ಲದೆ ತಿರುಗುತ್ತದೆಯೇ ನೋಡಿ. ಉಳಿದ ದುಡ್ಡಿನಲ್ಲಿ ನಿಮ್ಮ ಜಿಲ್ಲೆಯ ಮತ್ತು ತಾಲ್ಲೂಕಿನ ದೊಡ್ಡ ಭೂಪಟ, 30 ಮೀಟರ್ ಟೇಪು ಒಂದು, ಹಗ್ಗ ತರಿಸಿ. ತಾಲ್ಲೂಕಿನ ಭೂಪಟ ಅಂಗಡಿಯಲ್ಲಿ ಸಿಗದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಹೋಬಳಿ ಗಡಿ ಇರುವುದನ್ನೇ ಕೇಳಿ.